ವಂಶದ ಜಾಡು

ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಧಾರವಾಡ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದುಂಟು. ಎತ್ತಿನ ಮೇಲೇರಿ, ಗಂಟೆಯ ನಾದದೊಡನೆ ಮನೆಯ ಮುಂದೆ ಬಂದು ನಿಲ್ಲುವ ಹೆಳವನು ಆ ಮನೆತನದ ಮೂಲಪುರುಷನಿಂದ ಮೊದಲುಗೊಂಡು ತಲೆಮಾರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾನೆ. ಹಿರಿಯರು ಯಾವ ಊರಿನಿಂದ ಬಂದರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೂ ಅವನ ವರದಿಯಲ್ಲಿ ಸೇರಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಕಾಳುಕಡಿಗಳ ಕಾಣಿಕೆಯನ್ನು ಪಡೆದು ಮುಂದಿನ ಊರಿಗೆ ಸಾಗುತ್ತಾನೆ.

ಇಂಗ್ಲೆಂಡಿನಲ್ಲಿ ಈ ಕಾರ್ಯವನ್ನು ಚರ್ಚುಗಳು ಮಾಡುತ್ತಿದ್ದವು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಅಲ್ಲಿ 1538ರಲ್ಲಿಯೇ ಆಜ್ಞೆಯಾಯಿತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಾಗ ಇಂಥ ದಾಖಲೆಯ ಪದ್ಧತಿ ನಮ್ಮ ಸೀಮೆಗೂ ಬಂದಿತು.

ಇನ್ನು ಜನಗಣತಿ. ಭಾರತದಲ್ಲಿ ಮೊದಲ ಗಣತಿಯು 1872ರ ಸುಮಾರಿಗೆ ನಡೆಯಿತು. ಏಕಕಾಲದ ಗಣತಿಯು 1881ರಲ್ಲಿ ಆಯಿತು. ಆದರೆ ಗಣತಿದಾರರು ಮನೆಮನೆಗೆ ಹೋಗಿ ತುಂಬಿದ ಹಾಳೆಗಳು ನಮ್ಮಲ್ಲಿ ಸಾರ್ವಜನಿಕರಿಗೆ ದೊರೆಯುವುದಿಲ್ಲ. 1948ರ ಜನಗಣತಿ ಕಾಯಿದೆಯೂ ಅವುಗಳ ಗೋಪ್ಯವನ್ನು ಕಾಪಾಡುತ್ತದೆ. ಆದುದರಿಂದ ನಮ್ಮ ಮುತ್ತಜ್ಜನ ಹೆಸರು ಗಣತಿಯ ವರದಿಯಲ್ಲಿ ಸಿಕ್ಕದು. ಅಷ್ಟರಿಂದಲೇ ಅದು ನಿಷ್ಪ್ರಯೋಜಕವೆಂದು ಹೇಳಲಾಗದು. 1872ಕ್ಕಿಂತ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ನಡುವೆ 1876ರಿಂದ 1878ರವರೆಗೆ ಮಹಾಕ್ಷಾಮವು ಈ ನಾಡನ್ನು ಕಾಡಿತ್ತು. ಎಷ್ಟೋ ವಂಶಗಳ ಎಳೆ ಕಡಿದುದು ಆಗಲೇ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ 'ಅಣ್ಣಿಗೇರಿ' ಎಂಬ ಅಡ್ಡಹೆಸರಿನ ಎರಡು ಮನೆತನಗಳಿವೆ. ಒಂದು ಮನೆಯವರ ಹೆಳವನ ಪುಸ್ತಕದಲ್ಲಿ ಬಸಪ್ಪನಿಗೆ ಇಬ್ಬರು ಮಕ್ಕಳೆಂದಿದೆ; ಕಿರಿಯವನು ಕ್ಷಾಮದಲ್ಲಿ ಊರು ಬಿಟ್ಟನು, ಮುಂದೆ ಅವನ ಸುದ್ದಿಯಿಲ್ಲ. ಇನ್ನೊಂದು ಮನೆಯವರು ಕ್ರೈಸ್ತರು. ಅವರ ಹಿರಿಯನು 1878ರಲ್ಲಿ ದೀಕ್ಷಾಸ್ನಾನ ಪಡೆದಾಗ ತಂದೆ ಬಸಪ್ಪ, ಊರು ಅಣ್ಣಿಗೇರಿ, ವಯಸ್ಸು ಹತ್ತು ಎಂದು ಚರ್ಚಿನ ಪುಸ್ತಕದಲ್ಲಿ ಬರೆದಿದೆ. ಇವರು ಒಂದೇ ರಕ್ತದವರೇ?

ಹೌದೆನ್ನಲು ಮನಸ್ಸು ತವಕಿಸುತ್ತದೆ. ಆದರೆ ಆತುರ ಸಲ್ಲದು. ಊರು ಬಿಟ್ಟು ಬಂದವರಿಗೆ ಊರ ಹೆಸರೇ ಅಡ್ಡಹೆಸರಾಗುವುದು ನಮ್ಮಲ್ಲಿ ವಾಡಿಕೆ. ಅಣ್ಣಿಗೇರಿಯಿಂದ ಬಂದವರೆಲ್ಲ ಒಂದೇ ವಂಶದವರಲ್ಲ. ಬಸಪ್ಪನೆಂಬ ಹೆಸರು ಓಣಿಗೊಂದು ಸಿಕ್ಕೀತು. ವಯಸ್ಸನ್ನು ಅಂದಿನ ಜನ ಅಂದಾಜಿನಿಂದ ಹೇಳುತ್ತಿದ್ದರು. ಆದುದರಿಂದ ಇನ್ನೂ ಸಾಕ್ಷ್ಯ ಬೇಕು. ತಾಯಿಯ ಹೆಸರು ಎರಡು ಕಡೆಯೂ ಒಂದೇ ಆಗಿದೆಯೇ? ಹಳೆಯ ಜಮೀನಿನ ಕಾಗದಗಳಲ್ಲಿ ಕಿರಿಯ ಮಗನ ಪಾಲಿನ ಮಾತಿದೆಯೇ? ಅವುಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿರುವುದರಿಂದ ಬಲ್ಲವರಿಂದಲೇ ಓದಿಸಬೇಕು. ಇವೆಲ್ಲವೂ ಹೊಂದಿಕೆಯಾದರೆ ಸಂಬಂಧವು ಬಹುಮಟ್ಟಿಗೆ ಸ್ಥಿರವಾಯಿತು. ಹೊಂದದಿದ್ದರೆ 'ಇರಬಹುದು' ಎಂದಷ್ಟೇ ಬರೆಯಬೇಕು. ಇಲ್ಲದ ನಂಟನ್ನು ಕಲ್ಪಿಸುವುದೂ ಇದ್ದ ನಂಟನ್ನು ಮರೆಮಾಚುವುದೂ ಸತ್ಯಕ್ಕೆ ಮಾಡುವ ಅಪಚಾರವೇ ಸರಿ.

ವಂಶಾವಳಿಯು ಕುಲದ ಹೆಮ್ಮೆಯನ್ನು ಮೆರೆಸುವ ಸಾಧನವಾಗಬಾರದು. ಹುಡುಕುತ್ತ ಹೋದಂತೆ, ಬೇರೆ ಬೇರೆ ಧರ್ಮಗಳ ಎರಡು ಮನೆಗಳ ಬೇರು ಒಂದೇ ಹೊಲದ ಬದುವಿನಲ್ಲಿ ಕೂಡಿರುವುದು ಕಂಡುಬರಬಹುದು. ಹಾಗೆಯೇ ಹೆಣ್ಣುಮಕ್ಕಳ ಹೆಸರುಗಳು ಅನೇಕ ಪಟ್ಟಿಗಳಲ್ಲಿ ಕಾಣದಿರುವುದೂ ಗಮನಕ್ಕೆ ಬರುತ್ತದೆ. ಆ ಕೊರತೆಯನ್ನು ನೀವು ತುಂಬಬಲ್ಲಿರಿ. ಇಂದೇ ನಿಮ್ಮ ಮನೆಯ ಅಜ್ಜಿಯ ಬಳಿ ಕುಳಿತು, ಅವಳ ತಾಯಿಯ ಹೆಸರೇನು, ತವರೂರು ಯಾವುದು ಎಂದು ಕೇಳಿ ಬರೆದಿಡಿರಿ. ಹೇಳುವವರು ಇರುವಾಗ ಕೇಳದಿದ್ದರೆ, ಮುಂದೆ ಯಾವ ಪುಸ್ತಕವೂ ಅದನ್ನು ಹೇಳಲಾರದು.