ಮಣಿಕಟ್ಟಿನ ನೋವು ಮತ್ತು ಬೇರ್ಪಟ್ಟ ಕೀಲಿಮಣೆಯ ಆಯ್ಕೆ



ಹಿಂದೆ ಮಣಿಕಟ್ಟಿನ ನೋವೆಂದು ನಮ್ಮಲ್ಲಿಗೆ ಬರುತ್ತಿದ್ದವರು ಹತ್ತಿ ಬಿಡಿಸುವವರು, ರೊಟ್ಟಿ ಬಡಿಯುವ ತಾಯಂದಿರು. ಕಡೇಚೂರಿನಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ, ಕಚೇರಿಯ ಕಡತಗಳು ಗಣಕಯಂತ್ರವನ್ನು ಸೇರಿದ ಮೇಲೆ, ದಿನವಿಡೀ ಬೆರಳಚ್ಚು ಮಾಡುವ ಯುವಜನರೂ ಬರತೊಡಗಿದ್ದಾರೆ. ಕಡೇಚೂರಿನ ಒಬ್ಬ ಹೆಣ್ಣುಮಗಳು ಹೇಳಿದಳು: “ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗ್ತದ್ರಿ. ಮುಂಜಾನೆ ಅಂಗೈಯಾಗ ಲಿಂಗ ಹಿಡೀಲಿಕ್ಕೆ ಅಂಜಿಕಿ ಬರ್ತದ. ಕೆಲಸ ಬಿಡ್ಲೇನ್ರಿ?” ಆಕೆಯ ಸಂಬಳದ ಮೇಲೆಯೇ ಮನೆ ನಡೆಯುತ್ತಿತ್ತು. ನಾವು ಮೊದಲ ಸಲ ಎಣ್ಣೆ ಕೊಟ್ಟು ಕಳುಹಿಸಿದೆವು. ಹೇಗೆ ಕುಳಿತು ಕೆಲಸ ಮಾಡುತ್ತೀ ಎಂದು ಕೇಳಲಿಲ್ಲ. ಅದು ನಮ್ಮ ತಪ್ಪು.

ಸುಶ್ರುತಾಚಾರ್ಯರು ಹೇಳಿದ 107 ಮರ್ಮಗಳಲ್ಲಿ ಮಣಿಬಂಧವೂ ಒಂದು. ಅದನ್ನು ನೋವುಂಟುಮಾಡುವ ‘ರುಜಾಕರ’ ಮರ್ಮಗಳ ಸಾಲಿನಲ್ಲಿ ಸೇರಿಸಿ, ಅದಕ್ಕೆ ಪೆಟ್ಟಾದರೆ ಕೈಯ ಕಾರ್ಯಶಕ್ತಿ ಕುಂದುವುದೆಂದಿದ್ದಾರೆ. ಆಧುನಿಕ ಶರೀರಶಾಸ್ತ್ರದ ಪ್ರಕಾರ, ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ನರವೂ ಸಾಗುತ್ತವೆ. ಮಣಿಕಟ್ಟು ಬಹಳ ಹೊತ್ತು ಬಾಗಿದ್ದರೆ ಅಲ್ಲಿ ಒತ್ತಡ ಹೆಚ್ಚುತ್ತದೆ. ನರ ನಲುಗಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತದೆ.

ಸಾಮಾನ್ಯ ಕೀಲಿಮಣೆಯಲ್ಲಿ, ಅಂದರೆ ಕೀಬೋರ್ಡಿನಲ್ಲಿ, ಎರಡೂ ಕೈಗಳು ಎದೆಯ ಮುಂದೆ ಕೂಡುತ್ತವೆ; ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ವಾಲುತ್ತವೆ. 19ನೆಯ ಶತಮಾನದ ಬೆರಳಚ್ಚು ಯಂತ್ರದ ಸನ್ನೆಗಳಿಗಾಗಿ ಮಾಡಿದ ಈ ಜೋಡಣೆ ಸನ್ನೆಗಳು ಮಾಯವಾದರೂ ಉಳಿದುಬಂದಿದೆ. ಕೀಲಿಮಣೆಯನ್ನು ಎರಡಾಗಿಸಬೇಕೆಂದು ಜರ್ಮನಿಯ ಕ್ಲಾಕನ್‌ಬರ್ಗ್ 1926ರಲ್ಲಿಯೇ ಸೂಚಿಸಿದರು. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ‘ನ್ಯಾಚುರಲ್’ ಕೀಲಿಮಣೆ ಬಂದ ಮೇಲೆ ಈ ಬಗೆ ಜನಸಾಮಾನ್ಯರಿಗೆ ಪರಿಚಯವಾಯಿತು.

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿರಿ. ವಿಂಡೋಸ್ ಗಣಕಕ್ಕೆ ಎರಡು ಹಳೆಯ ಯುಎಸ್‌ಬಿ ಕೀಲಿಮಣೆಗಳನ್ನು ಒಟ್ಟಿಗೆ ಜೋಡಿಸಿ, ಹೆಗಲಿನಗಲಕ್ಕೆ ದೂರವಿಟ್ಟು, ಒಂದರ ಮೇಲೆ ಎಡಗೈ, ಇನ್ನೊಂದರ ಮೇಲೆ ಬಲಗೈ ಇಡಿ. ಎರಡೂ ಕೆಲಸ ಮಾಡುತ್ತವೆ. ಒಂದು ವಾರದಲ್ಲಿ ಹೆಗಲು, ಮಣಿಕಟ್ಟು ಹಗುರವೆನಿಸಿದರೆ ಮುಂದಿನ ಮಾತು.

ಆಯ್ಕೆಯಲ್ಲಿ ಗಮನಿಸಬೇಕಾದವು:

1. ರೂಪ. ಒಂದೇ ಹಲಗೆಯಲ್ಲಿ ನಡುವೆ ಸೀಳಿ ಬಾಗಿಸಿದ ಮಾದರಿಗೆ (ಉದಾಹರಣೆಗೆ ಲಾಜಿಟೆಕ್ ಅರ್ಗೊ ಕೆ860) ಕೈ ಬೇಗ ಒಗ್ಗುತ್ತದೆ. ಪೂರ್ತಿ ಎರಡು ತುಂಡಾದ ಮಾದರಿಯನ್ನು (ಕೈನೆಸಿಸ್ ಫ್ರೀಸ್ಟೈಲ್2) ಅವರವರ ಹೆಗಲಿಗೆ ತಕ್ಕಂತೆ ದೂರವಿಡಬಹುದು.

2. ಇಳಿಜಾರು. ಹೆಬ್ಬೆರಳಿನ ಬದಿ ತುಸು ಎತ್ತರವಿದ್ದರೆ ಮುಂಗೈ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ಹಿಂಬದಿಯ ಕಾಲುಗಳನ್ನು ಎತ್ತಬೇಡಿರಿ. ಅವು ಮಣಿಕಟ್ಟನ್ನು ಮೇಲಕ್ಕೆ ಬಾಗಿಸುತ್ತವೆ.

3. ಕನ್ನಡ ಬರವಣಿಗೆ. ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ನುಡಿ ತಂತ್ರಾಂಶ ಇದರಲ್ಲಿಯೂ ಎಂದಿನಂತೆಯೇ ನಡೆಯುತ್ತದೆ. ಆದರೆ ಆ, ಈ ಮೊದಲಾದ ದೀರ್ಘಗಳಿಗೆ, ಮಹಾಪ್ರಾಣಗಳಿಗೆ, ಣ, ಳ ಅಕ್ಷರಗಳಿಗೆ, ಸೊನ್ನೆಗೆ ಶಿಫ್ಟ್ ಒತ್ತಲೇಬೇಕು. ಹೀಗಾಗಿ ಕನ್ನಡ ಬರೆಯುವವರ ಕಿರುಬೆರಳು ಹೆಚ್ಚು ದಣಿಯುತ್ತದೆ. ಕೆಲವು ಬೇರ್ಪಟ್ಟ ಮಾದರಿಗಳಲ್ಲಿ ಶಿಫ್ಟನ್ನು ಹೆಬ್ಬೆರಳಿನ ಕೀಲಿಗೆ ವರ್ಗಾಯಿಸಬಹುದು. ನಮ್ಮವರಿಗೆ ಇದು ದೊಡ್ಡ ಅನುಕೂಲ. ‘ಬ’ ಕೀಲಿ ಸಾಮಾನ್ಯವಾಗಿ ಎಡತುಂಡಿನಲ್ಲಿರುವುದರಿಂದ, ಅದನ್ನು ಬಲಗೈಯಿಂದ ಒತ್ತುವವರು ರೂಢಿ ಬದಲಿಸಿಕೊಳ್ಳಬೇಕು.

4. ಅಂಕಿಗಳ ಫಲಕ. ಸರ್ವೆ ನಂಬರು, ಆಧಾರ್ ಸಂಖ್ಯೆ ತುಂಬಿಸುವವರು ಅಂಕಿಫಲಕ ಪ್ರತ್ಯೇಕವಾಗಿರುವುದನ್ನು ಕೊಳ್ಳಲಿ. ಅದನ್ನು ಎಡಕ್ಕಿಟ್ಟರೆ ಮೌಸ್ ಹತ್ತಿರವಾಗಿ ಬಲಹೆಗಲಿಗೆ ಆರಾಮ.

ಹೊಸ ಕೀಲಿಮಣೆಗೆ ಬೆರಳು ಒಗ್ಗಲು ಕೆಲವು ವಾರ ಹಿಡಿಯುತ್ತದೆ. ಮೊದಲಿಗೆ ವೇಗ ಇಳಿಯುತ್ತದೆ. ಆದ್ದರಿಂದ ಕೆಲಸದ ಒತ್ತಡವಿಲ್ಲದ ಕಾಲದಲ್ಲಿ ಆರಂಭಿಸಿರಿ.

ಇದು ದಿವ್ಯೌಷಧವಲ್ಲವೆಂಬುದನ್ನೂ ಹೇಳಬೇಕು. ಕೈನೋವಿದ್ದ 80 ಜನರನ್ನು 6 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಬೇರ್ಪಟ್ಟ ಮಾದರಿಯಿಂದ ನೋವು ಇಳಿದದ್ದು ಕಂಡುಬಂತು, ಅದೂ ಹಲವು ತಿಂಗಳ ಬಳಿಕ. ಮಣಿಕಟ್ಟಿನ ನರದ ಒತ್ತಡಕ್ಕೆ ಇಂಥ ಕೀಲಿಮಣೆ ಚಿಕಿತ್ಸೆಯಾಗುವುದೆನ್ನಲು ಆಧಾರ ಸಾಲದೆಂದು 2012ರ ಕಾಕ್ರೇನ್ ವಿಮರ್ಶೆ ತೀರ್ಮಾನಿಸಿತು. ಕುರ್ಚಿಯ ಎತ್ತರ ಮೊಣಕೈಗೆ ಹೊಂದದಿದ್ದರೆ, ನಡುನಡುವೆ ಎದ್ದು ಕೈ ಸಡಿಲಿಸದಿದ್ದರೆ, ಎಷ್ಟು ಬೆಲೆಯ ಕೀಲಿಮಣೆಯಾದರೂ ನಿಷ್ಪ್ರಯೋಜಕ. ಅತಿಯಾದ ದುಡಿಮೆ ವಾತವನ್ನು ಕೆರಳಿಸುತ್ತದೆ. ಮಲಗುವ ಮುನ್ನ ಬೆಚ್ಚನೆಯ ಎಳ್ಳೆಣ್ಣೆಯಿಂದ ಮೊಣಕೈವರೆಗೆ ಮೃದುವಾದ ಅಭ್ಯಂಗ ಹಿತಕರ. ಆದರೆ ರಾತ್ರಿ ಜೋಮು ಮರಳಿ ಮರಳಿ ಬಂದರೆ, ಹಿಡಿದ ವಸ್ತು ಜಾರಿದರೆ, ಹೆಬ್ಬೆರಳಿನ ಬುಡದ ಮಾಂಸ ಕರಗಿದರೆ, ಎಣ್ಣೆಯನ್ನೇ ನಂಬಿ ದಿನ ಕಳೆಯಬೇಡಿರಿ. ನರದ ಪರೀಕ್ಷೆ ಮಾಡಿಸಿರಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಯಲ್ಲಿಯೂ ಇದೇ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ಆ ಹೆಣ್ಣುಮಗಳ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ಕಂಡಿತು. ಅದಕ್ಕೆ ಔಷಧಿ, ರಾತ್ರಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿ, ಹಗಲು ಎರಡು ಹಳೆಯ ಕೀಲಿಮಣೆಗಳ ಜೋಡಿ: ಈ ಮೂರೂ ಕೂಡಿ ಕೆಲವು ತಿಂಗಳಲ್ಲಿ ಜೋಮು ಇಳಿಯಿತು. ಈಗ ಅವಳು ತುಂಡಾದ ಕೀಲಿಮಣೆ ಕೊಂಡಿದ್ದಾಳೆ; ಕೆಲಸ ಬಿಟ್ಟಿಲ್ಲ. ಕಾಯಕ ಮಾಡುವ ಕೈಯೇ ಪೂಜೆಯ ಕೈಯೂ ಹೌದು. ಆ ಕೈ ನೋವೆಂದು ಹೇಳಿದಾಗ ಹೇಗೆ ದುಡಿಯುತ್ತಿದೆ ಎಂಬುದನ್ನು ಮೊದಲು ನೋಡೋಣ. ಔಷಧಿಯ ಮಾತು ಆಮೇಲೆ.