ಬೆಳ್ಳಿ ನಾಣ್ಯದ ಹಸಿರು ಕಿಲುಬು: ಗುರುತಿಸುವ ಬಗೆ

ಶತಮಾನಗಳ ಕಾಲ ನೆಲದಲ್ಲಿ ಹುದುಗಿದ್ದ ಬೆಳ್ಳಿಯ ನಾಣ್ಯಗಳು ಬೆಳಕಿಗೆ ಬಂದಾಗ ಬಹುಮಟ್ಟಿಗೆ ಬೆಳ್ಳಿಯಂತೆ ಕಾಣುವುದಿಲ್ಲ. ಕೆಲವು ಕಪ್ಪಾಗಿರುತ್ತವೆ, ಕೆಲವು ಬೂದುಬಣ್ಣಕ್ಕೆ ತಿರುಗಿರುತ್ತವೆ, ಮತ್ತೆ ಕೆಲವನ್ನು ಹಸಿರು ಪದರವೊಂದು ಮುಚ್ಚಿರುತ್ತದೆ. ಹಸಿರನ್ನು ಕಂಡು ಇದು ಬೆಳ್ಳಿಯೇ ಅಲ್ಲವೆಂದು ಎಸೆಯುವವರುಂಟು. ಹುಣಸೆಹಣ್ಣು ಹಚ್ಚಿ ಉಜ್ಜಿ ಹೊಳಪು ಬರಿಸುವವರೂ ಉಂಟು. ಎರಡರಿಂದಲೂ ನಷ್ಟವಾಗುವುದು ಇತಿಹಾಸಕ್ಕೇ. ಆದುದರಿಂದ ನಾಣ್ಯವನ್ನು ಶುಚಿಗೊಳಿಸುವ ಮೊದಲು ಅದರ ಮೇಲಿನ ಹಸಿರು ಯಾವ ಬಗೆಯದೆಂದು ತಿಳಿಯುವುದು ಅವಶ್ಯಕ.

ಹಸಿರಿನ ಮೂಲ

ಶುದ್ಧ ಬೆಳ್ಳಿಗೆ ಹಸಿರು ಕಿಲುಬು ಹಿಡಿಯುವುದಿಲ್ಲ. ಗಂಧಕದ ಸಂಪರ್ಕದಿಂದ ಅದು ಕಪ್ಪಾಗುತ್ತದೆ. ಉಪ್ಪಿನ ಅಂಶವಿರುವ ಮಣ್ಣಿನಲ್ಲಿ ಅದರ ಮೇಲೆ ಬೂದುಬಣ್ಣದ, ಮೆತ್ತನೆಯ ಬೆಳ್ಳಿಯ ಕ್ಲೋರೈಡ್ ಬೆಳೆಯುತ್ತದೆ. ಹಸಿರು ಬಣ್ಣ ತಾಮ್ರದ ಗುರುತು. ಬೆಳ್ಳಿ ಮೆದುವಾದ ಲೋಹವಾದ್ದರಿಂದ ನಾಣ್ಯ ಸವೆಯದಿರಲೆಂದು ಅದಕ್ಕೆ ತಾಮ್ರವನ್ನು ಬೆರೆಸುವುದು ಪುರಾತನ ಪದ್ಧತಿ. ಬೆಳ್ಳಿಯ ಪಣದ 16 ಭಾಗಗಳಲ್ಲಿ 4 ಭಾಗ ತಾಮ್ರವಿರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ನೆಲದ ತೇವದಲ್ಲಿ ಬೆಳ್ಳಿಗಿಂತ ಮೊದಲು ಕೆಡುವುದು ಈ ತಾಮ್ರವೇ. ಅದು ಕರಗಿ ಮೇಲ್ಮೈಗೆ ಬಂದು ಹಸಿರು ಲವಣವಾಗಿ ನಿಲ್ಲುತ್ತದೆ.

ಇನ್ನೆರಡು ಕಾರಣಗಳೂ ಉಂಟು. ನಾಣ್ಯವನ್ನು ತಾಮ್ರದ ಪಾತ್ರೆಯಲ್ಲಿ ಹೂತಿಟ್ಟಿದ್ದರೆ ಪಾತ್ರೆಯ ಕಿಲುಬು ನಾಣ್ಯಕ್ಕೆ ಅಂಟುತ್ತದೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿದ ಪ್ರಾಚೀನ ಖೋಟಾ ನಾಣ್ಯವಾಗಿದ್ದರೆ ಅಂಚಿನಲ್ಲಿ ಅಥವಾ ಹೊದಿಕೆ ಬಿರಿದ ಕಡೆಯಲ್ಲಿ ಮಾತ್ರ ಹಸಿರು ಒಡೆದು ಕಾಣುತ್ತದೆ. ಹೀಗೆ ಹಸಿರು ಕೇವಲ ಕೊಳೆಯಲ್ಲ. ನಾಣ್ಯದ ಲೋಹವನ್ನೂ ಅದು ಬಿದ್ದಿದ್ದ ಸ್ಥಳವನ್ನೂ ಕುರಿತ ಸಾಕ್ಷ್ಯ.

ಚೆನ್ನೈ ಪ್ರಯೋಗಾಲಯ

ಇಂತಹ ಸಾಕ್ಷ್ಯವನ್ನು ಕೆಡಿಸದೆ ಲೋಹವನ್ನು ಉಳಿಸುವ ವಿದ್ಯೆಗೆ ಭಾರತದಲ್ಲಿ ಅಡಿಪಾಯ ಬಿದ್ದ ಸ್ಥಳಗಳಲ್ಲಿ ಚೆನ್ನೈ ಒಂದು. ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು 1851ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಕಂಚಿನ ವಿಗ್ರಹಗಳನ್ನು ಹಸಿರು ಕಿಲುಬು ತಿನ್ನುತ್ತಿದ್ದುದನ್ನು ತಡೆಯಲು 1930ರಲ್ಲಿ ಡಾ. ಎಸ್. ಪರಮಶಿವನ್ ಅವರ ಹೊಣೆಯಲ್ಲಿ ರಾಸಾಯನಿಕ ಸಂರಕ್ಷಣಾ ಕಾರ್ಯ ಆರಂಭವಾಯಿತು. ವಸ್ತುವನ್ನು ಕ್ಷಾರದ ದ್ರಾವಣದಲ್ಲಿಟ್ಟು, ವಿದ್ಯುತ್ತನ್ನು ಹಾಯಿಸಿ ಅದರೊಳಗಿನ ಕ್ಲೋರೈಡನ್ನು ಹೊರಸೆಳೆಯುವ ವಿಧಾನವನ್ನು ಅವರು ಬಳಕೆಗೆ ತಂದರು. ಕಂಚಿನ ವಿಗ್ರಹಕ್ಕೂ ಬೆಳ್ಳಿಯ ನಾಣ್ಯಕ್ಕೂ ಸಂಬಂಧವೇನೆಂದು ಕೇಳಬಹುದು. ಎರಡರಲ್ಲಿಯೂ ಇರುವ ತಾಮ್ರವೇ ಆ ಸಂಬಂಧ. ವಿಗ್ರಹವನ್ನು ಬಾಧಿಸುವ ರೋಗವೇ ತಾಮ್ರ ಬೆರೆತ ನಾಣ್ಯವನ್ನೂ ಬಾಧಿಸುತ್ತದೆ.

ಮೂರು ಬಗೆಯ ಹಸಿರು

ಮೊದಲನೆಯದು ಸ್ಥಿರವಾದ ಹಸಿರು. ತಾಮ್ರವು ನೀರು ಮತ್ತು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿ ಉಂಟಾಗುವ ಈ ಕಾರ್ಬೊನೇಟಿಗೆ ಮ್ಯಾಲಕೈಟ್ ಎಂದು ಹೆಸರು. ಇದು ಗಾಢವರ್ಣದ್ದು, ಗಟ್ಟಿಯಾದದ್ದು, ಲೋಹಕ್ಕೆ ಬಿಗಿಯಾಗಿ ಅಂಟಿರುವಂಥದು. ಮರದ ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಉದುರದು. ಇದರಿಂದ ನಾಣ್ಯಕ್ಕೆ ಅಪಾಯವಿಲ್ಲ.

ಎರಡನೆಯದು ಬೆಳೆಯುವ ಹಸಿರು. ಕಿಲುಬಿನ ಅಡಿಯಲ್ಲಿ ತಾಮ್ರದ ಕ್ಲೋರೈಡ್ ಅಡಗಿದ್ದರೆ, ಗಾಳಿಯ ತೇವ ಮತ್ತು ಆಮ್ಲಜನಕ ತಗುಲಿದೊಡನೆ ಅದು ತಿಳಿಹಸಿರು ಪುಡಿಯಾಗಿ ಉಬ್ಬುತ್ತದೆ. ಆಗ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲವು ಒಳಗಿನ ತಾಮ್ರವನ್ನು ಮತ್ತೆ ತಿನ್ನುತ್ತದೆ. ಈ ಚಕ್ರ ತಾನಾಗಿ ನಿಲ್ಲುವುದಿಲ್ಲ. ಚೆನ್ನೈನಂತಹ ಕಡಲತೀರದ ಊರುಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಇದರ ಭಯ ಹೆಚ್ಚು.

ಮೂರನೆಯದು ನಮ್ಮ ಕಾಲದ್ದು. ಪಾಲಿವಿನೈಲ್ ಕ್ಲೋರೈಡಿನಿಂದ ಮಾಡಿದ ಮೆದುವಾದ ಪ್ಲಾಸ್ಟಿಕ್ ಹಾಳೆಗಳಲ್ಲಿ ನಾಣ್ಯಗಳನ್ನು ಬಹುಕಾಲ ಇಟ್ಟರೆ ಅವುಗಳ ಮೇಲೆ ಅಂಟಂಟಾದ ಹಸಿರು ಪೊರೆ ಮೂಡುತ್ತದೆ. ಇದು ಪ್ರಾಚೀನವಲ್ಲ, ಸಂಗ್ರಾಹಕರ ಅಜಾಗರೂಕತೆಯ ಫಲ.

ಪರೀಕ್ಷಿಸುವ ಕ್ರಮ

ಭೂತಗನ್ನಡಿಯಲ್ಲಿ ನೋಡಿ ಹಸಿರು ಗಟ್ಟಿಯೋ, ಪುಡಿಯೋ, ಅಂಟೋ ಎಂಬುದನ್ನು ಮೊದಲು ಗುರುತಿಸಬೇಕು. ಅನುಮಾನವಿದ್ದರೆ ನಾಣ್ಯದ ಛಾಯಾಚಿತ್ರ ತೆಗೆದು, ಅದನ್ನು ಕಪ್ಪು ಕಾಗದದ ಮೇಲಿರಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕೆಲವು ವಾರಗಳ ನಂತರ ನೋಡಬೇಕು. ಕಾಗದದ ಮೇಲೆ ತಿಳಿಹಸಿರು ಪುಡಿ ಬಿದ್ದಿದ್ದರೆ ಅಥವಾ ಹೊಸ ಚುಕ್ಕೆಗಳು ಎದ್ದಿದ್ದರೆ ರೋಗ ಜೀವಂತವಾಗಿದೆಯೆಂದು ತಿಳಿಯತಕ್ಕದ್ದು. ಪ್ರಯೋಗಾಲಯದಲ್ಲಿ ಕೆರೆದು ತೆಗೆದ ಕಣವೊಂದರ ಮೇಲೆ ದುರ್ಬಲ ಆಮ್ಲದ ಹನಿ ಬಿಟ್ಟಾಗ ನೊರೆಯೆದ್ದರೆ ಕಾರ್ಬೊನೇಟ್. ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಸೇರಿಸಿದಾಗ ಬಿಳಿಯ ಮಡ್ಡಿ ಕೂತರೆ ಕ್ಲೋರೈಡ್. ಈ ಪರೀಕ್ಷೆಗಳನ್ನು ನಾಣ್ಯದ ಮೇಲೆಯೇ ಎಂದಿಗೂ ಮಾಡಬಾರದು.

ಮಾಡಬಾರದ್ದು, ಮಾಡಬೇಕಾದದ್ದು

ಹುಣಸೆಹಣ್ಣು, ನಿಂಬೆರಸ, ವಿಭೂತಿ ಇವು ಮನೆಯ ಪಾತ್ರೆಗಳಿಗೆ ತಕ್ಕವು, ನಾಣ್ಯಗಳಿಗಲ್ಲ. ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಮೇಲೆ ಒತ್ತಿದ ಸೂರ್ಯ, ಬೆಟ್ಟ, ಮರ ಮೊದಲಾದ ಚಿಹ್ನೆಗಳಿಂದಲೇ ಅವುಗಳ ಕಾಲ ಮತ್ತು ವರ್ಗವನ್ನು ನಿರ್ಣಯಿಸಲಾಗುತ್ತದೆ. ಹಳೆಯ ನಾಣ್ಯದಲ್ಲಿ ಆ ಚಿಹ್ನೆಯ ಅಂಚು ಲೋಹದಲ್ಲಿ ಸವೆದು, ಕಿಲುಬಿನಲ್ಲಿ ಮಾತ್ರ ಉಳಿದಿರುವುದುಂಟು. ಉಜ್ಜಿದಾಗ ಹಸಿರಿನೊಡನೆ ಚಿಹ್ನೆಯೂ ಅಳಿಯುತ್ತದೆ. ಕೈಯಲ್ಲಿ ಉಳಿಯುವುದು ಹೊಳೆಯುವ ಬೆಳ್ಳಿಯ ಚೂರು ಮಾತ್ರ.

ಸ್ಥಿರವಾದ ಹಸಿರನ್ನು ಹಾಗೆಯೇ ಬಿಡುವುದು ಲೇಸು. ಪುಡಿಯಾಗುವ ಹಸಿರು ಕಂಡರೆ ಆ ನಾಣ್ಯವನ್ನು ಒಣಗಿದ ಸ್ಥಳದಲ್ಲಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಬೇರೆಯಾಗಿರಿಸಿ ತಜ್ಞರಿಗೆ ತೋರಿಸಬೇಕು. ಪ್ಲಾಸ್ಟಿಕ್ ಹಾಳೆಗಳ ಬದಲು ಆಮ್ಲರಹಿತ ಕಾಗದದ ಲಕೋಟೆಗಳನ್ನು ಬಳಸಬೇಕು.

ನೆಲ ಅಗೆಯುವಾಗ ನಾಣ್ಯಗಳು ದೊರೆತರೆ ಅವುಗಳನ್ನು ತೊಳೆಯದೆ, ಪಾತ್ರೆ ಹಾಗೂ ಮಣ್ಣಿನ ಸಹಿತ ಜಿಲ್ಲೆಯ ಅಧಿಕಾರಿಗಳ ಗಮನಕ್ಕೆ ತರಬೇಕು. 1878ರ ಭಾರತೀಯ ನಿಧಿ ಕಾಯಿದೆಯು 10 ರೂಪಾಯಿಗೆ ಮೀರಿದ ನಿಧಿ ದೊರೆತವರು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿದೆ. ಚೆನ್ನೈ ಸಂಗ್ರಹಾಲಯದ ಅನೇಕ ನಾಣ್ಯಗಳು ಈ ಮಾರ್ಗದಿಂದಲೇ ಬಂದವು. ಹಸಿರು ಹಿಡಿದ ನಾಣ್ಯವನ್ನು ಉಜ್ಜದೆ ಒಪ್ಪಿಸಿದವನು ಅದರ ಬೆಲೆಯನ್ನು ತಗ್ಗಿಸುವುದಿಲ್ಲ. ಅದು ಹೇಳಬೇಕಾದ ಮಾತನ್ನು ಉಳಿಸಿಕೊಡುತ್ತಾನೆ.