ಸಂಜೆ ಐದರ ನಂತರದ ವಿಶ್ವವಿದ್ಯಾಲಯ

ಚಿಟಗುಪ್ಪದ ಮನೆಗಳಲ್ಲಿ ಹುಡುಗಿಯೊಬ್ಬಳು ಎಂ.ಎ. ಓದುತ್ತೇನೆ ಎಂದರೆ ಯಾವ ವಿಷಯ ಎಂದು ಕೇಳುವವರು ಕಡಿಮೆ. "ಅಪ್‌-ಡೌನ್ ಆಗ್ತದೇನು?" ಎಂಬುದೇ ಮೊದಲ ಪ್ರಶ್ನೆ. ಬೆಳಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂತಿದ್ದರೆ ಓದಬಹುದು, ಇಲ್ಲದಿದ್ದರೆ ಪದವಿಗೇ ಸಾಕು. 2021ರ ಕೊನೆಯಲ್ಲಿ ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ.ಗೆ ಸೇರುವಾಗ ಅಪ್ಪ ಒಪ್ಪಿದ್ದೂ ಇದೇ ಷರತ್ತಿನ ಮೇಲೆ.

ಸೀಟು ಸಿಗುವ ಮೊದಲೇ ಓಡಾಟ ಶುರುವಾಗಿತ್ತು. 371ಜೆ ಪ್ರಮಾಣಪತ್ರ ಬೇಕು. ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಎಂದಿರುವುದು ಆ ಕಾಗದದ ಬಲದಿಂದ. ಚಿಟಗುಪ್ಪ ಹುಮನಾಬಾದಿನಿಂದ ಬೇರೆಯಾಗಿ ತಾಲ್ಲೂಕಾಯಿತು ನಿಜ, ಆದರೆ ಉಪವಿಭಾಗದ ಕಚೇರಿ ಇರುವುದು ಬಸವಕಲ್ಯಾಣದಲ್ಲಿ. "ಕಲ್ಯಾಣಕ್ಕ ಹೋಗಿದ್ದೆ" ಎಂದು ನಮ್ಮೂರ ಹುಡುಗರು ಹೇಳಿದರೆ ಅನುಭವ ಮಂಟಪ ನೋಡಲು ಹೋಗಿದ್ದರೆಂದು ತಿಳಿಯಬೇಡಿ. ಬಹುಪಾಲು ಸಲ ಅದು ಸಹಾಯಕ ಆಯುಕ್ತರ ಸಹಿಗೆ ಹೋದ ಪ್ರಯಾಣ.

ಆಮೇಲೆ ಅಪ್‌-ಡೌನ್. ಚಿಟಗುಪ್ಪದಿಂದ ಹುಮನಾಬಾದ್, ಅಲ್ಲಿಂದ ಕಲಬುರಗಿ ಬಸ್ಸು, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ರಾಶಿ, ಕಲಬುರಗಿಯಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಸೇಡಂ ರಸ್ತೆಯ ಜ್ಞಾನಗಂಗಾ ಆವರಣ. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದಾಗ ನಮ್ಮ ಊರಿನವರು ಬಹಳ ಖುಷಿಪಟ್ಟಿದ್ದರು. ಆದರೆ ರೈಲಿನ ವೇಳೆ ಮತ್ತು ಕ್ಲಾಸಿನ ವೇಳೆ ಎರಡೂ ಕೂಡಿ ಬರಬೇಕಲ್ಲ. ಹಾಗಾಗಿ ನನಗೆ ಬಸ್ಸೇ ಗತಿ. ಪಾಸು ಕೊರಳಿಗೆ, ಬುತ್ತಿ ಚೀಲದಲ್ಲಿ.

ಹೀಗೆ ಹೋಗಿ ಬಂದವರಿಗೆ ವಿಶ್ವವಿದ್ಯಾಲಯವೆಂದರೆ ಒಂದು ಕೋಣೆ, ನಾಲ್ಕು ಪೀರಿಯಡ್, ಒಂದು ಹಾಜರಿ ಪುಸ್ತಕ. ಜ್ಞಾನಗಂಗಾ ಸುಮಾರು 860 ಎಕರೆ. ಅದರಲ್ಲಿ ನಾನು ತುಳಿದದ್ದು ಗೇಟಿನಿಂದ ವಿಭಾಗದವರೆಗಿನ ರಸ್ತೆಯನ್ನಷ್ಟೇ. ನೋಟಿಸ್ ಬೋರ್ಡಿನಲ್ಲಿ "ಸಂಜೆ 4ಕ್ಕೆ ವಿಶೇಷ ಉಪನ್ಯಾಸ" ಎಂದು ಹಚ್ಚಿದ್ದರೆ ಅದು ಬೇರೆ ಯಾರಿಗೋ ಬಂದ ಲಗ್ನಪತ್ರಿಕೆಯಂತೆ ಕಾಣುತ್ತಿತ್ತು. ಮೂರು ದಾಟಿದರೆ ಅಪ್‌-ಡೌನ್‌ನವರ ಕಣ್ಣೆಲ್ಲ ಗಡಿಯಾರದ ಮೇಲೆ. ಸರ್ ಅತ್ತ ಡಬ್ಲ್ಯುಟಿಒ ಹೇಳುತ್ತಿದ್ದರೆ ನಾವು ಇತ್ತ ಹುಮನಾಬಾದಿನಲ್ಲಿ ಚಿಟಗುಪ್ಪದ ಗಾಡಿ ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆವು.

ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಾಗ ಅವ್ವನೇ ಅಪ್ಪನ ಮುಂದೆ ಮಾತು ತೆಗೆದಳು. "ಕೂಸು ಬಸ್ಸಿನಾಗೇ ಅರ್ಧಾ ಆಯುಷ್ಯ ಕಳಿಲಕತ್ತದ. ಹಾಸ್ಟೆಲ್‌ನಾಗ ಇರ್ಲಿ ಬಿಡ್ರಿ." ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಟ್ರಂಕು ಕೊಂಡು ತಂದರು.

ಹಾಸ್ಟೆಲ್ ಸೇರಿದ ಮೇಲೆ ನನಗೆ ಕಂಡದ್ದು ಬೇರೆಯೇ ವಿಶ್ವವಿದ್ಯಾಲಯ. ಅದು ಬಾಗಿಲು ತೆರೆಯುತ್ತಿದ್ದುದು ಸಂಜೆ ಐದಕ್ಕೆ. ಬೇಸಿಗೆಯ ಕಲಬುರಗಿಯಲ್ಲಿ ಮಧ್ಯಾಹ್ನ ಯಾರ ತಲೆಯೂ ಓಡುವುದಿಲ್ಲ. ಬಿಸಿಲು ಇಳಿದ ಮೇಲೆಯೇ ಜನ ಮನುಷ್ಯರಾಗುವುದು. ಗುಂಪುಗುಂಪಾಗಿ ಪಕ್ಕದ ಬುದ್ಧ ವಿಹಾರದ ಕಡೆ ನಡೆಯುತ್ತಿದ್ದೆವು. 2009ರಲ್ಲಿ ಉದ್ಘಾಟನೆಯಾದ ಆ ಬಿಳಿ ಗುಮ್ಮಟದ ಮೆಟ್ಟಿಲುಗಳ ಮೇಲೆ ಕೂತು ಕೇಳಿದ ಮಾತುಗಳು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಪಿಎಚ್‌.ಡಿ. ಮಾಡುವ ಅಕ್ಕಂದಿರು ಅಲ್ಲಿ ಸಿಗುತ್ತಿದ್ದರು. ಯಾವ ಮಾರ್ಗದರ್ಶಕರ ಬಳಿ ಜಾಗ ಖಾಲಿ ಇದೆ, ಜೆಆರ್‌ಎಫ್ ಬಂದರೆ ಏನು ಸಿಗುತ್ತದೆ, ಓಪನ್ ಎಲೆಕ್ಟಿವ್‌ಗೆ ಯಾವ ವಿಭಾಗಕ್ಕೆ ಹೋದರೆ ನಿಜಕ್ಕೂ ಏನಾದರೂ ಕಲಿಯಬಹುದು ಎಂಬುದೆಲ್ಲ ಅವರ ಬಾಯಲ್ಲಿತ್ತು.

ವಿದ್ಯಾಸಿರಿಯ ವಿಷಯವೂ ಅಲ್ಲೇ ತಿಳಿದದ್ದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದ ಯೋಜನೆ ಅದು. ಅಪ್‌-ಡೌನ್ ಮಾಡುತ್ತಿದ್ದ ಎಷ್ಟೋ ಗೆಳತಿಯರಿಗೆ ಅದಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನ ಕೊನೆಯ ದಿನಾಂಕ ಗೊತ್ತಾಗುತ್ತಿದ್ದುದು ಅದು ಮುಗಿದ ಮೇಲೆ. ಮಾಹಿತಿ ಯಾರೂ ಬಚ್ಚಿಟ್ಟಿರಲಿಲ್ಲ. ಅದು ಹರಿದಾಡುವ ಹೊತ್ತಿಗೆ ಅವರು ಕಮಲಾಪುರ ದಾಟಿರುತ್ತಿದ್ದರು, ಅಷ್ಟೇ.

ಒಂದು ಸಂಜೆಯ ಮಾತು ಹೇಳಲೇಬೇಕು. ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಕ್ಲಾಸಿನಲ್ಲಿ ಒಂದು ಪೀರಿಯಡ್‌ನಲ್ಲಿ ಮುಗಿಸಿದ್ದರು: ಹಿಂದುಳಿದ ತಾಲ್ಲೂಕು 114, ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ಪರೀಕ್ಷೆಗೆ ಅಷ್ಟು ಸಾಕು. ರಾತ್ರಿ ಅದೇ ಪಟ್ಟಿಯನ್ನು ಮಂಚದ ಮೇಲೆ ಹರವಿಕೊಂಡು ಕೂತಾಗ ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ತಾಲ್ಲೂಕು ಹುಡುಕಿದರು. ಸೂಚ್ಯಂಕದಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ದೇವದುರ್ಗ. ದೇವದುರ್ಗದವಳೇ ಎದುರು ಕೂತಿದ್ದಳು. "ನೋಡ್ರಿ, ಯಾವುದರಾಗರ ಒಂದು ನಾವೂ ನಂಬರ್ ಬಂದೀವಿ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ತನ್ನೂರಿನಿಂದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ದಾರಿಯನ್ನು ವಿವರಿಸಿದಳು. ಅಂಕಿಸಂಖ್ಯೆ ಅಂದರೆ ಏನೆಂದು ನನಗೆ ತಿಳಿದದ್ದು ಆ ರಾತ್ರಿ. ನನ್ನ ಪ್ರಬಂಧದ ವಿಷಯವೂ ಅಲ್ಲಿಂದಲೇ ಹುಟ್ಟಿತು.

2022ರ ಏಪ್ರಿಲ್ ಕೊನೆಯನ್ನು ಆ ವರ್ಷ ಅಲ್ಲಿದ್ದವರು ಮರೆಯಲಾರರು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ರದ್ದಾಯಿತು. ಅಕ್ರಮದ ತನಿಖೆ ಆರಂಭವಾದದ್ದೇ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ, ಹಾಗಾಗಿ ಬೆಂಗಳೂರಿನವರಿಗೆ ಅದು ಸುದ್ದಿ, ನಮಗೆ ಮನೆಯ ಸಂಕಟ. ಬೆಳಗಿನ ಕತ್ತಲಲ್ಲಿ ಮೈದಾನ ಸುತ್ತಿದವರು, ಊರಲ್ಲಿ ಎತ್ತು ಮಾರಿ ಕೋಚಿಂಗ್‌ಗೆ ದುಡ್ಡು ಕಟ್ಟಿದವರು, ಪ್ರಾಮಾಣಿಕವಾಗಿ ಬರೆದವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ! ಆ ದಿನಗಳಲ್ಲಿ ಒಬ್ಬ ಸೀನಿಯರ್ ಅಕ್ಕ ಒಂದು ದಿನ ಪೂರ್ತಿ ಅತ್ತು, ಮರುದಿನ ನಮ್ಮನ್ನೆಲ್ಲ ಸೈಬರ್ ಸೆಂಟರಿಗೆ ಎಳೆದುಕೊಂಡು ಹೋಗಿ ಯುಜಿಸಿ ನೆಟ್ ಅರ್ಜಿ ತುಂಬಿಸಿದರು. ಅದೇ ಹೊತ್ತಿಗೆ ಅದಕ್ಕೆ ಅರ್ಜಿ ಕರೆದಿದ್ದರು. ಧೈರ್ಯ ಹೇಳುವ ಮಾತು ಅವರಿಗೆ ಬರುತ್ತಿರಲಿಲ್ಲ. "ಫೋಟೊ ತಂದೀರಿಲ್ಲೋ?" ಎಂದಷ್ಟೇ ಕೇಳಿದರು.

ಊಟದ ಬಗ್ಗೆ ಬರೆಯದಿದ್ದರೆ ಹಾಸ್ಟೆಲ್ಲಿನವರು ಬೈದಾರು. ಊರಿನಿಂದ ಬರುವವರು ಕಟಕ ರೊಟ್ಟಿ, ಶೇಂಗಾ ಹಿಂಡಿ ತರುವುದು ಅಲಿಖಿತ ಕಾನೂನು. ಎಳ್ಳಮಾಸಿ ಮುಗಿಸಿ ಬೀದರ ಜಿಲ್ಲೆಯವರು ವಾಪಸು ಬರುವ ದಿನ ಕಾರಿಡಾರಿನಲ್ಲೇ ಜನ ಕಾಯುತ್ತಿದ್ದರು. ಹೊಲದಲ್ಲಿ ಚರಗ ಚೆಲ್ಲಿ ಉಳಿದ ಭಜ್ಜಿ, ಸಜ್ಜೆ ರೊಟ್ಟಿ ಸಾಯಂಕಾಲದೊಳಗೆ ಖಾಲಿ. ಬಳ್ಳಾರಿಯವರಿಗೆ ನಮ್ಮ ಭಜ್ಜಿ ಅಂದರೆ ಏನೆಂದು ತಿಳಿಸಲು ಪ್ರತಿ ವರ್ಷವೂ ಜಗಳವಾಡಬೇಕಿತ್ತು. ಅವರು ಎಣ್ಣೆಯಲ್ಲಿ ಕರಿದದ್ದನ್ನೇ ಹುಡುಕುತ್ತಿದ್ದರು.

ಇಷ್ಟು ಹೇಳಿದೆನೆಂದು ಹಾಸ್ಟೆಲ್ ಸ್ವರ್ಗ ಎಂದುಕೊಳ್ಳಬೇಡಿ. ಹುಡುಗಿಯರ ಹಾಸ್ಟೆಲ್ಲಿಗೆ ಎಲ್ಲ ಊರಲ್ಲೂ ಗೇಟಿನ ವೇಳೆಯ ಕಟ್ಟಳೆ ಇರುತ್ತದೆ. ಹುಡುಗರ ಸಂಜೆ ನಮ್ಮದಕ್ಕಿಂತ ಉದ್ದ. ಅವರು ಚಹಾದ ಅಂಗಡಿಯ ಮುಂದೆ ವಾದ ಮಾಡುತ್ತಾ ನಿಂತಿರುವಾಗ ನಾವು ಸಹಿ ಹಾಕಿ ಒಳಗೆ. ಆ ಲೆಕ್ಕ ಇನ್ನೂ ಸಮವಾಗಿಲ್ಲ.

ನನ್ನ ಎಂ.ಎ. ಮುಗಿಯುವ ವರ್ಷವೇ, 2023ರಲ್ಲಿ, ಬೀದರಿಗೆ ಸ್ವಂತ ವಿಶ್ವವಿದ್ಯಾಲಯ ಬಂತು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರವೇ ಅದಕ್ಕೆ ನೆಲೆ. ಎರಡು ವರ್ಷದ ನಂತರ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಬೀದರದ್ದು ಆ ಪಟ್ಟಿಯಲ್ಲಿರಲಿಲ್ಲ. ಕಲಬುರಗಿಯೂ ಮೊದಲು ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ವಿಶ್ವವಿದ್ಯಾಲಯವಾದದ್ದು ತಾನೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಉಚಿತ. ಹತ್ತಿರದ ಕ್ಯಾಂಪಸ್ಸು, ಪುಕ್ಕಟೆ ಟಿಕೆಟ್ಟು: ಇವೆರಡೂ ಇಲ್ಲದಿದ್ದರೆ ನಮ್ಮ ಓಣಿಯ ಹಲವು ಹುಡುಗಿಯರು ಪದವಿಯ ಆಚೆ ಹೆಜ್ಜೆ ಇಡುತ್ತಿರಲಿಲ್ಲ. ಅದನ್ನು ಸಣ್ಣದೆನ್ನುವವರು ನಮ್ಮ ಕಡೆ ಹೆಣ್ಣು ಹೆತ್ತವರಲ್ಲ.

ಆದರೆ ಹತ್ತಿರವಾದಷ್ಟೂ ಅಪ್‌-ಡೌನ್ ಹೆಚ್ಚು. ಈಚೆಗೆ ನನ್ನ ಕಾಕಾನ ಮಗಳು ಬೀದರ ವಿಶ್ವವಿದ್ಯಾಲಯಕ್ಕೆ ಸೇರುವ ವಿಚಾರ ಬಂತು. "ಅಕ್ಕಾ, ಈಗ ದೂರ ಎಲ್ಲದ? ಹಾಸ್ಟೆಲ್ ಯಾಕ ಬೇಕು?" ಎಂದಳು. ಕಾಕಾನೂ ತಲೆಯಾಡಿಸಿದ. ಅವರ ಮುಂದೆ ನಾನು ಬುದ್ಧ ವಿಹಾರದ ಮೆಟ್ಟಿಲಿನ ಕತೆ ಹೇಳಲಿಲ್ಲ, ಹೇಳಿದ್ದರೆ ಕಾಕಾ ಇನ್ನಷ್ಟು ಹೆದರುತ್ತಿದ್ದ. ಎರಡೇ ಬೇಡಿಕೆ ಇಟ್ಟೆ. ವಾರದಲ್ಲಿ ಎರಡು ದಿನವಾದರೂ ಅವಳು ಗ್ರಂಥಾಲಯ ಮುಚ್ಚುವವರೆಗೆ ಉಳಿಯಬೇಕು, ಆ ದಿನ ಹುಮನಾಬಾದ್ ಸ್ಟ್ಯಾಂಡಿಗೆ ಕಾಕಾ ಗಾಡಿ ತೆಗೆದುಕೊಂಡು ಹೋಗಬೇಕು. ಕಾಕಾ ಒಂದು ದಿನಕ್ಕೆ ಒಪ್ಪಿದ್ದಾನೆ. ಎರಡನೆಯ ದಿನದ ಚೌಕಾಸಿ ಇನ್ನೂ ನಡೆದಿದೆ.